ಬಂಗಡೆಗೆ ಯಾರು ಹತ್ತಿರದ ನೆಂಟರು?

ಕಾರವಾರ, ಅಂಕೋಲಾ ಕಡೆಯಿಂದ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುವ ಮೀನಿನಲ್ಲಿ ಬಂಗಡೆ ಇದ್ದೇ ಇರುತ್ತದೆ. ಒಮ್ಮೊಮ್ಮೆ ಚಪ್ಪಟೆ ಮೈಯ, ಉದ್ದ ಬಾಲದ ತೊರಕೆಯೂ ಕಾಣಿಸುತ್ತದೆ. ಇತ್ತ ಧಾರವಾಡದ ಹಿತ್ತಲುಗಳಲ್ಲಿ ಬೇಸಿಗೆ ಬಂತೆಂದರೆ ನಸುಕಿನಲ್ಲೇ ಮಡಿವಾಳ ಹಕ್ಕಿಯ ಹಾಡು ಶುರು. ಈ ಮೂರರಲ್ಲಿ ಹತ್ತಿರದ ನೆಂಟರು ಯಾರು? ಬಂಗಡೆ, ತೊರಕೆ ಎರಡೂ ಮೀನೇ ಅಲ್ವಾ ಅನ್ನಿಸುತ್ತದೆ. ಆದರೆ ವಂಶಾವಳಿ ನೋಡಿದರೆ ಬಂಗಡೆಗೆ ತೊರಕೆಗಿಂತ ಮಡಿವಾಳವೇ ಹತ್ತಿರ.

ಗುಟ್ಟು ಇರುವುದು ಮೂಳೆಯಲ್ಲಿ. ಬಂಗಡೆ ತಿನ್ನುವಾಗ ಮುಳ್ಳು ಬಿಡಿಸಬೇಕು. ತೊರಕೆಯ ಮೈಯಲ್ಲಿ ನಿಜವಾದ ಮೂಳೆಯೇ ಇಲ್ಲ. ಅದರ ಅಸ್ಥಿಪಂಜರವೆಲ್ಲ ಮೃದ್ವಸ್ಥಿ, ನಮ್ಮ ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಇದೆಯಲ್ಲ, ಅದು. ಶಾರ್ಕ್ ಅದರ ದಾಯಾದಿ. ಈ ಕವಲು ಮೂಳೆ ಮೀನುಗಳಿಂದ ಬೇರೆಯಾಗಿ 42 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ನಾಲ್ಕು ಕಾಲಿನ ಪ್ರಾಣಿಗಳು, ಹಕ್ಕಿಗಳು, ಕೊನೆಗೆ ನಾವು, ಎಲ್ಲ ಬಂದದ್ದು ಮೂಳೆ ಮೀನಿನ ಕವಲಿನಿಂದ.

ವರ್ಗೀಕರಣದ ಪಿತಾಮಹ ಲಿನೇಯಸ್ 1758ರಲ್ಲಿ ತೊರಕೆಗಳನ್ನು ಮೀನುಗಳ ಜೊತೆ ಇಡದೆ ಉಭಯಚರಗಳ ಜೊತೆ ಇಟ್ಟಿದ್ದ! ಅದೇ ಪುಸ್ತಕದಲ್ಲಿ ಮಡಿವಾಳವನ್ನು ಗುಡ್ಡದ ಮೈನಾ ಇರುವ ಕುಲಕ್ಕೆ ಸೇರಿಸಿದ್ದ. ಆಮೇಲೆ ಅದು ಥ್ರಷ್ ಹಕ್ಕಿಗಳ ಕುಟುಂಬಕ್ಕೆ ಹೋಯಿತು. ಡಿಎನ್ಎ ನೋಡಿದ ಮೇಲೆ ಈಗ ನೊಣಹಿಡುಕಗಳ ಕುಟುಂಬದಲ್ಲಿದೆ. ಪಾಪ, ಹಕ್ಕಿ ಮಾತ್ರ ಹಾಡುತ್ತಲೇ ಇದೆ.

ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಮಡಿವಾಳಕ್ಕೆ ಸದ್ಯ ಆತಂಕವಿಲ್ಲ. ಗೋಡೆಯ ತೂತು ಸಿಕ್ಕರೂ ಸಾಕು, ಗೂಡು ಕಟ್ಟಿ ನಾಲ್ಕೈದು ಮೊಟ್ಟೆ ಇಡುತ್ತದೆ, ಸುಮಾರು ಎರಡು ವಾರದಲ್ಲಿ ಮರಿ. ಹಾಗಂತ ಸುಮ್ನೆ ಇರುವಂತಿಲ್ಲ. ಪಂಜರದ ಆಸೆಗೆ ಹಿಡಿದು ಹಿಡಿದು, 1970ರ ದಶಕದ ಹೊತ್ತಿಗೆ ಸಿಂಗಾಪುರದಲ್ಲಿ ಈ ಹಕ್ಕಿ ಅಳಿವಿನ ಅಂಚಿಗೆ ಬಂದಿತ್ತು.

ತೊರಕೆಗಳ ಕಥೆ ಬೇರೆ. 2021ರ ಜಾಗತಿಕ ಅಂದಾಜಿನಲ್ಲಿ ಶಾರ್ಕ್, ತೊರಕೆ ಮತ್ತವುಗಳ ಬಳಗದ ಮೂರನೇ ಒಂದಕ್ಕಿಂತ ಜಾಸ್ತಿ ಪ್ರಭೇದಗಳು ಅಪಾಯದಲ್ಲಿವೆ. ಹಕ್ಕಿಗಳಲ್ಲಿ ಇದು ಸುಮಾರು ಎಂಟಕ್ಕೆ ಒಂದು. ಅಪಾಯದಲ್ಲಿರುವ ದೈತ್ಯ ಮಾಂಟಾ ತೊರಕೆ ಸುಮಾರು ಒಂದು ವರ್ಷ ಬಸುರಿದ್ದು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಇನ್ನು ಕಡಲ ತಳದಲ್ಲೇ ಮಲಗುವ ತೊರಕೆಗಳು ಸಿಗಡಿಗೆಂದು ಎಳೆಯುವ ಟ್ರಾಲ್ ಬಲೆಗೆ ಬೀಳುತ್ತವೆ. ಹಿಡಿಯುವ ವೇಗಕ್ಕೆ ಹುಟ್ಟುವ ವೇಗ ಸಾಲುವುದಿಲ್ಲ.

ತೊರಕೆ ಬಳಗದ್ದೇ ಆದ ಗರಗಸ ಮೀನು 2001ರಿಂದ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ, ಹುಲಿಯ ಜೊತೆಗೆ. ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ.