ಟೇಪೇ ಇಲ್ಲದ ಕ್ಯಾಸೆಟ್

ನಮ್ಮ ಸೋದರಮಾವನ ಹತ್ತಿರ 1988ರ ಪ್ರೀಮಿಯರ್ ಪದ್ಮಿನಿ ಇದೆ. ಇಂಜಿನ್ ಎರಡು ಸಲ ಬಿಚ್ಚಿ ಕಟ್ಟಿಸಿದ್ದಾರೆ. ಸೀಟಿನ ಬಟ್ಟೆ ಮೂರು ಸಲ ಬದಲಾಗಿದೆ. ಡ್ಯಾಶ್‌ಬೋರ್ಡಿನ ಕ್ಯಾಸೆಟ್ ಡೆಕ್ ಮಾತ್ರ ಹಾಗೇ ಇದೆ. ಕಳೆದ ದಸರಾ ರಜೆಯಲ್ಲಿ ಶಿವಮೊಗ್ಗಕ್ಕೆ ಹೋದಾಗ ಬಾಯಿ ತಪ್ಪಿ ಅಂದುಬಿಟ್ಟೆ: "ಮಾವ, ಇದನ್ನ ತೆಗೆಸಿ ಬ್ಲೂಟೂತ್ ಇರೋ ಸೆಟ್ ಹಾಕಿಸಿಬಿಡೋಣ."

"ಡೆಕ್ ಮುಟ್ಟಿದ್ರೆ ನೋಡು. ಫೋನಿನ ಹಾಡು ಬೇಕು ಅಂದ್ರೆ ಇದರಲ್ಲೇ ಬರೋ ಹಂಗೆ ಮಾಡೋ. ಅಷ್ಟೆಲ್ಲ ಓದಿದೀಯಲ್ಲ" ಅಂದರು.

ಕಾರಿನಲ್ಲಿ ರೇಡಿಯೊದವರು ಹಾಕಿದ್ದಲ್ಲ, ನಮಗೆ ಬೇಕಾದ ಹಾಡೇ ಬೇಕು ಅನ್ನುವ ಚಪಲ ಇವತ್ತಿನದಲ್ಲ. 1956ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ಡ್ಯಾಶ್‌ಬೋರ್ಡಿನ ಕೆಳಗೆ ಗ್ರಾಮಫೋನನ್ನೇ ಕೂರಿಸಿತ್ತು. ಅದಕ್ಕೆಂದೇ ನಿಮಿಷಕ್ಕೆ 16⅔ ಸುತ್ತು ತಿರುಗುವ ಬೇರೆ ತಟ್ಟೆಗಳು. ಗುಂಡಿ ಬಿದ್ದ ರಸ್ತೆಯಲ್ಲಿ ಮುಳ್ಳು ಜಿಗಿಯದೇ ಇರುತ್ತಾ? ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ಕೊನೆಗೆ ಆ ಚಪಲ ತೀರಿಸಿದ್ದು 1963ರಲ್ಲಿ ಫಿಲಿಪ್ಸ್ ತಂದ ಪುಟ್ಟ ಕ್ಯಾಸೆಟ್. ಮಾವನ ಡೆಕ್ ಆ ವಂಶದ್ದು.

ಡೆಕ್ಕನ್ನು ಹಳೇ ಕಾಲದ ಮನೆ ಅಂದುಕೊಳ್ಳಿ. ಹಾಡು ಒಳಗೆ ಬರಲು ಅದಕ್ಕೆ ಮೂರು ಬಾಗಿಲು. ಹೆಬ್ಬಾಗಿಲು ಆಂಟೆನಾ. ಪಕ್ಕದ ಬಾಗಿಲು ಕ್ಯಾಸೆಟ್ ಹಾಕುವ ಬಾಯಿ. ಹಿತ್ತಲ ಬಾಗಿಲು ವಾಲ್ಯೂಮ್ ನಾಬ್. ರೇಡಿಯೊ ಆಗಲಿ, ಕ್ಯಾಸೆಟ್ ಆಗಲಿ, ಸದ್ದೆಲ್ಲ ಕೊನೆಗೆ ವಾಲ್ಯೂಮ್ ದಾಟಿಯೇ ಆಂಪ್ಲಿಫೈಯರ್‌ಗೆ ಹೋಗಬೇಕು. ಹಿತ್ತಲಿನಿಂದ ನುಗ್ಗಿದರೆ ದಾರಿ ಹತ್ತಿರ, ಸದ್ದು ಶುದ್ಧ. ಆದರೆ ಮನೆ ಬಿಚ್ಚಬೇಕು.

ನಾನು ಸೋಮಾರಿ. ಮೊದಲು ಹೆಬ್ಬಾಗಿಲನ್ನೇ ತಟ್ಟಿದೆ. ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ತಂದೆ. ಅದು ಬೆರಳುದ್ದದ ಒಂದು ರೇಡಿಯೊ ಸ್ಟೇಷನ್. ಫೋನಿನ ಹಾಡನ್ನು 88ರಿಂದ 108 ಮೆಗಾಹರ್ಟ್ಜ್ ಒಳಗೆ ಖಾಲಿ ಇರುವ ಜಾಗದಲ್ಲಿ ಪ್ರಸಾರ ಮಾಡುತ್ತದೆ. ಒಂದೆರಡು ಮೀಟರ್ ದೂರದಲ್ಲಿರುವ ನಿಮ್ಮದೇ ಆಂಟೆನಾ ಅದನ್ನು ಹಿಡಿಯುತ್ತದೆ. ಶಿವಮೊಗ್ಗದಿಂದ ತುಮಕೂರಿನವರೆಗೆ ಚೆನ್ನಾಗೇ ಹಾಡಿತು. ನೆಲಮಂಗಲ ಬರುವಷ್ಟರಲ್ಲಿ ನಮ್ಮ ಹಾಡು ಮಾಯ, ಯಾರೋ ಜಾಹೀರಾತು ಓದುತ್ತಿದ್ದರು.

ಇದು ಎಫ್‌ಎಂನ ಗುಣ. ಮೀಡಿಯಂ ವೇವ್‌ನಲ್ಲಿ ಎರಡು ಸ್ಟೇಷನ್ ಒಂದೇ ಕಡೆ ಸಿಕ್ಕಿದರೆ ಎರಡೂ ಕಲಸಿಕೊಂಡು ಕೇಳುತ್ತವೆ. ಎಫ್‌ಎಂನಲ್ಲಿ ಹಾಗಿಲ್ಲ. ಯಾವುದು ಸ್ವಲ್ಪ ಜೋರೋ ಅದೇ ಪೂರ್ತಿ ಗೆಲ್ಲುತ್ತದೆ, ಇನ್ನೊಂದು ಇದ್ದ ಸುಳಿವೂ ಇರುವುದಿಲ್ಲ. ಬೆಂಗಳೂರಿನ ದೊಡ್ಡ ಗೋಪುರದ ಎದುರು ನಮ್ಮ ಬೆರಳುದ್ದದ ಸ್ಟೇಷನ್ ಎಲ್ಲಿ ನಿಂತೀತು?

ಇನ್ನೊಂದು ಕಾಟವೂ ಇತ್ತು. ಫೋನಿನಿಂದ ಟ್ರಾನ್ಸ್‌ಮಿಟರ್‌ಗೆ ತಂತಿ ಎಳೆದಿದ್ದೆ. ಚಾರ್ಜರ್ ಕೂಡ ಸಿಕ್ಕಿಸಿದ ಕೂಡಲೇ ಹಾಡಿನ ಹಿಂದೆ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. "ಯಾವುದೋ ಸೊಳ್ಳೆ ನಮ್ಮ ಜೊತೆ ಶ್ರುತಿ ಹಿಡಿದಿದೆ" ಅಂದರು ಮಾವ.

ಆ ಸೊಳ್ಳೆ ಆಲ್ಟರ್ನೇಟರ್, ಅಂದರೆ ಇಂಜಿನ್ ಜೊತೆ ತಿರುಗಿ ಕಾರಿಗೆ ಕರೆಂಟ್ ಹುಟ್ಟಿಸುವ ಯಂತ್ರ. ಸಾಮಾನ್ಯ ಆಲ್ಟರ್ನೇಟರ್‌ನ ರೋಟರ್‌ಗೆ, ಅಂದರೆ ಒಳಗೆ ತಿರುಗುವ ಕಾಂತಕ್ಕೆ, 12 ಧ್ರುವ, ಸುತ್ತ ಮೂರು ಗುಂಪು ತಂತಿ ಸುರುಳಿ. ಅಲ್ಲಿ ಹುಟ್ಟುವ ಎಸಿ ಕರೆಂಟನ್ನು ಡಯೋಡ್‌ಗಳು ಡಿಸಿ ಮಾಡುತ್ತವೆ. ಆದರೆ ಅದು ಪೂರ್ತಿ ಸಪಾಟಾಗುವುದಿಲ್ಲ. ರೋಟರ್‌ನ ಒಂದು ಸುತ್ತಿಗೆ 36 ಸಣ್ಣ ಅಲೆ ಉಳಿಯುತ್ತವೆ. ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ, ಆಲ್ಟರ್ನೇಟರ್ ಅದರ ಎರಡರಷ್ಟು ವೇಗದಲ್ಲಿದೆ ಅನ್ನಿ. ಸೆಕೆಂಡಿಗೆ 30 ಸುತ್ತಾಯಿತು. 36ರಿಂದ ಗುಣಿಸಿದರೆ 1080 ಹರ್ಟ್ಜ್. ನಮ್ಮ ಕಿವಿ ಚೆನ್ನಾಗಿ ಕೇಳುವ ಜಾಗವೇ ಅದು. ಇಂಜಿನ್ ವೇಗ ದುಪ್ಪಟ್ಟಾದರೆ ಸೊಳ್ಳೆ ಸರಿಯಾಗಿ ಮೇಲಿನ ಷಡ್ಜಕ್ಕೆ ಹೋಗಿ ಕೂರುತ್ತದೆ!

ಸರಿ, ಅದು ಹಾಡಿನೊಳಗೆ ಹೇಗೆ ಬಂತು? ಚಾರ್ಜರ್ ಮೂಲಕ ಫೋನಿಗೆ ಒಂದು ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಸಿಕ್ಕಿತು. ಹಾಡಿನ ತಂತಿಯ ಮೂಲಕ ಇನ್ನೊಂದು. ಎರಡೂ ಅರ್ತ್ ಒಂದೇ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ನಡುವೆ ಆಲ್ಟರ್ನೇಟರ್ ಅಲೆಯ ಜೊತೆ ಏರಿಳಿಯುವ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸದಿಂದ ಹಾಡಿನ ತಂತಿಯಲ್ಲೇ ಬೇಡದ ಕರೆಂಟ್ ಸುತ್ತು ಹೊಡೆಯುತ್ತದೆ. ಚಾರ್ಜರ್ ಕಿತ್ತರೆ ಸುತ್ತು ಮುರಿಯುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಮ್ಯಾಪ್ ಹಾಕಿಕೊಂಡು ಹೋಗುವವರಿಗೆ ಚಾರ್ಜರ್ ಇಲ್ಲದೆ ಆಗುತ್ತಾ?

ಆಮೇಲೆ ಪಕ್ಕದ ಬಾಗಿಲಿಗೆ ಬಂದೆ. ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟವಾಗಿದ್ದು ಇದೇ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಹುಡುಕಿ ಒಂದು ಕ್ಯಾಸೆಟ್ ಅಡಾಪ್ಟರ್ ತಂದೆ. ನೋಡಲು ಮಾಮೂಲಿ ಕ್ಯಾಸೆಟ್, ಒಂದು ಬದಿಯಿಂದ ಬಾಲದ ಹಾಗೆ ತಂತಿ. ಒಳಗೆ ಟೇಪೇ ಇಲ್ಲ.

ಟೇಪ್ ಇಲ್ಲದ ಮೇಲೆ ಡೆಕ್ ಏನನ್ನು ಓದುತ್ತದೆ? ಇದಕ್ಕೆ ಮೊದಲು, ಟೇಪ್ ಇದ್ದಾಗ ಏನು ಓದುತ್ತಿತ್ತು ಅಂತ ನೋಡಬೇಕು. ಕಂದು ಬಣ್ಣದ ಆ ಪಟ್ಟಿಯ ಮೇಲೆ ಐರನ್ ಆಕ್ಸೈಡ್ ಪುಡಿ ಬಳಿದಿರುತ್ತಾರೆ. ಹಾಡು ಅದರಲ್ಲಿ ಹೆಚ್ಚು ಕಡಿಮೆ ಕಾಂತಶಕ್ತಿಯಾಗಿ ಉಳಿದಿರುತ್ತದೆ. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಡೆಕ್‌ನ ಹೆಡ್ ಮುಂದೆ ಹಾದು ಹೋಗುತ್ತದೆ. ಹೆಡ್ ಅಂದರೆ ಕಬ್ಬಿಣದಂಥ ಲೋಹದ ಸಣ್ಣ ಉಂಗುರಕ್ಕೆ ಸುತ್ತಿದ ತಂತಿ. ಉಂಗುರದಲ್ಲಿ ಒಂದು ಕಡೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಸೀಳು. ಸೀಳಿನ ಮುಂದೆ ಕಾಂತಶಕ್ತಿ ಬದಲಾದ ಹಾಗೆಲ್ಲ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ನಿಯಮ ಅಷ್ಟೇ. ಹುಟ್ಟುವುದು ಒಂದು ಮಿಲಿವೋಲ್ಟ್‌ಗಿಂತ ಕಡಿಮೆ, ಅದನ್ನೇ ದೊಡ್ಡದು ಮಾಡಿ ಕೇಳಿಸುತ್ತಾರೆ.

ಇಲ್ಲೇ ಗಮನಿಸಿ. ಹೆಡ್‌ಗೆ ಕಣ್ಣಿಲ್ಲ. ತನ್ನ ಮುಂದೆ ಓಡಿದ್ದು ಟೇಪೋ ಇನ್ನೊಂದೋ ಅದಕ್ಕೆ ಗೊತ್ತಾಗುವುದಿಲ್ಲ. ಕಾಂತಶಕ್ತಿ ಬದಲಾದರೆ ಸಾಕು. ಅಡಾಪ್ಟರ್ ಒಳಗೆ ಅಂಥದ್ದೇ ಇನ್ನೊಂದು ಹೆಡ್ ಇದೆ. ಕ್ಯಾಸೆಟ್ ಒಳಗೆ ಹೋದಾಗ ಎರಡೂ ಹೆಡ್ ಮುಖಕ್ಕೆ ಮುಖ ಕೊಟ್ಟು ಕೂರುತ್ತವೆ. ಫೋನಿನ ಹಾಡು ಒಂದರಲ್ಲಿ ಕಾಂತಶಕ್ತಿಯಾಗುತ್ತದೆ, ಇನ್ನೊಂದು ಅದನ್ನು ಹಿಡಿದು ಮತ್ತೆ ಕರೆಂಟ್ ಮಾಡುತ್ತದೆ. ಒಂದು ಟ್ರಾನ್ಸ್‌ಫಾರ್ಮರನ್ನು ಎರಡು ಹೋಳು ಮಾಡಿ, ಒಂದನ್ನು ಡೆಕ್‌ನಲ್ಲಿ, ಇನ್ನೊಂದನ್ನು ಕ್ಯಾಸೆಟ್‌ನಲ್ಲಿ ಇಟ್ಟ ಹಾಗೆ. ಹಾಡು ದಾಟುತ್ತದೆ, ಆದರೆ ನಡುವೆ ತಂತಿಯ ಸಂಬಂಧವೇ ಇಲ್ಲ. ಅರ್ತ್‌ಗೆ ಸುತ್ತು ಹೊಡೆಯಲು ದಾರಿಯೇ ಇಲ್ಲದ ಮೇಲೆ ಚಾರ್ಜರ್ ಹಾಕಿದರೂ ಸೊಳ್ಳೆ ಬರಲಿಲ್ಲ.

ಹಾಗಾದರೆ ಅಡಾಪ್ಟರ್ ಒಳಗೆ ಹಲ್ಲಿನ ಚಕ್ರಗಳು ಯಾಕಿವೆ? ಅವು ಡೆಕ್ಕಿಗೆ ಮೋಸ ಮಾಡಲು. ಕ್ಯಾಸೆಟ್‌ನ ಸುರುಳಿ ತಿರುಗುವುದು ನಿಂತರೆ ಟೇಪ್ ಮುಗಿಯಿತು ಅಂತ ಡೆಕ್ ತಾನಾಗಿ ನಿಲ್ಲುತ್ತದೆ. ಚಕ್ರಗಳು ಒಂದು ಸುರುಳಿಯ ತಿರುಗಾಟವನ್ನು ಇನ್ನೊಂದಕ್ಕೆ ದಾಟಿಸಿ, ಎಲ್ಲ ಸರಿಯಾಗಿದೆ ಅಂತ ನಂಬಿಸುತ್ತವೆ. ಹಾಡು ನಿಂತಾಗ ಕೇಳುವ ಕಿರಿಕಿರಿ ಸದ್ದು ಈ ನಾಟಕದ್ದು.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಮಾವನ ಡೆಕ್‌ನ ರಬ್ಬರ್ ಬೆಲ್ಟ್ ಸಡಿಲಾಗಿದೆ. ನಿಜವಾದ ಕ್ಯಾಸೆಟ್ ಹಾಕಿದರೆ ಗಾಯಕರು ನಿದ್ದೆಗಣ್ಣಿನಲ್ಲಿ ಹಾಡಿದಂತೆ ಎಳೆಯುತ್ತದೆ. ಅಡಾಪ್ಟರ್‌ನಲ್ಲಿ ಹಾಡಿನ ವೇಗಕ್ಕೂ ಮೋಟರ್‌ಗೂ ಸಂಬಂಧವಿಲ್ಲ, ಹಾಗಾಗಿ ಶ್ರುತಿ ಪಕ್ಕಾ. ಟೇಪ್‌ನ ಪುಡಿಯಿಂದ ಬರುವ ಶ್ ಅನ್ನುವ ಸದ್ದೂ ಇಲ್ಲ. ಆ ಶ್ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇದ್ದರೆ ಮಾತ್ರ ಆರಿಸಿಡಿ, ಇಲ್ಲದಿದ್ದರೆ ತಾಳದ ಸದ್ದು ಮಂಕಾಗುತ್ತದೆ. ಫೋನಿನ ವಾಲ್ಯೂಮ್ ಮುಕ್ಕಾಲರ ಹತ್ತಿರ ಇಡಿ. ಜಾಸ್ತಿಯಾದರೆ ಸದ್ದು ಒಡೆಯುತ್ತದೆ, ಕಡಿಮೆಯಾದರೆ ಡೆಕ್ಕಿನ ಗೊರಗೊರ ಮೇಲೆ ಬರುತ್ತದೆ. ಬ್ಲೂಟೂತ್ ಮತ್ತು ಬ್ಯಾಟರಿ ಒಳಗೇ ಇರುವ ಅಡಾಪ್ಟರ್ ಕೂಡ ಸಿಗುತ್ತವೆ. ಅದನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಮಾವನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಸುದ್ದಿ ಹರಡಿತು ನೋಡಿ. ಮೈಸೂರಿನ ಗೆಳೆಯನೊಬ್ಬ ತನ್ನ 1958ರ ಮಾರಿಸ್ ಮೈನರ್ ಕಾರು ತೋರಿಸಿ, "ಇದಕ್ಕೂ ಮಾಡಿಕೊಡು" ಅಂದ. ಬಲ್ಬಿನಂಥ ಗಾಜಿನ ವಾಲ್ವ್‌ಗಳಿಂದ ನಡೆಯುವ ಅದರ ರೇಡಿಯೊದಲ್ಲಿ ಕ್ಯಾಸೆಟ್ ಇಲ್ಲ, ಎಫ್‌ಎಂ ಇಲ್ಲ. ಮೀಡಿಯಂ ವೇವ್ ಒಂದೇ. 612 ಕಿಲೋಹರ್ಟ್ಜ್‌ನ ಆಕಾಶವಾಣಿ ಬೆಂಗಳೂರು ಬಂದರೆ ಅವತ್ತು ಹಬ್ಬ. ಈಗಿನ ಸೆಟ್‌ಗಳ ಅಳತೆ 180ಕ್ಕೆ 50 ಮಿಲಿಮೀಟರ್, ಅದನ್ನು ಕೂರಿಸಲು ಹಳೇ ಡ್ಯಾಶ್‌ಬೋರ್ಡಿನ ತಗಡು ಕತ್ತರಿಸಬೇಕು. ನನ್ನ ಲೆಕ್ಕದಲ್ಲಿ ಅದು ಪಾಪ. ಪೋರ್ಷೆಯವರು 2020ರಿಂದ ತಮ್ಮ ಹಳೇ ಕಾರುಗಳ ಅದೇ ತೂತಿಗೆ ಕೂರುವ, ಹಳೇ ರೇಡಿಯೊದಂತೆಯೇ ಕಾಣುವ ಹೊಸ ಸೆಟ್ ಮಾರುತ್ತಿದ್ದಾರೆ. ಬೆಲೆ ಸಾವಿರ ಯೂರೋ ದಾಟುತ್ತದೆ. ಮಾರಿಸ್‌ಗೆ ಅಂಥ ತವರುಮನೆ ಇಲ್ಲ.

ಹಾಗಾಗಿ ಹಿತ್ತಲ ಬಾಗಿಲು. ವಾಲ್ಯೂಮ್ ನಾಬ್‌ಗೆ ಮೂರು ಕಾಲು. ಒಂದಕ್ಕೆ ರೇಡಿಯೊದಿಂದ ಸದ್ದು ಬರುತ್ತದೆ, ನಡುವಿನದು ನಮಗೆ ಬೇಕಾದಷ್ಟನ್ನು ಮುಂದೆ ಕಳಿಸುತ್ತದೆ, ಮೂರನೆಯದು ಅರ್ತ್. ಮೊದಲ ಕಾಲಿಗೆ ಬರುವ ತಂತಿಯಲ್ಲಿ ಒಂದು ಸ್ವಿಚ್ ಹಾಕಿ, ಒಂದು ಕಡೆ ರೇಡಿಯೊ, ಇನ್ನೊಂದು ಕಡೆ ಬ್ಲೂಟೂತ್ ಮಾಡಿದರಾಯಿತು. ಬ್ಲೂಟೂತ್‌ನ ಎಡ ಬಲ ಎರಡನ್ನೂ ಸುಮ್ನೆ ತಿರುಚಿ ಒಂದು ಮಾಡಬಾರದು, ಒಂದಕ್ಕೊಂದು ಜಗ್ಗಾಡುತ್ತವೆ. ತಲಾ ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿ ಸೇರಿಸಬೇಕು. ಸ್ಟೀರಿಯೊ ಹೋಯಿತು ಅಂತ ಗೆಳೆಯ ಬೇಸರ ಮಾಡಿಕೊಳ್ಳಲಿಲ್ಲ. ಅವನು ಕೇಳುವುದು ಅರವತ್ತರ ದಶಕದ ಕನ್ನಡ ಹಾಡು, ಅವು ರೆಕಾರ್ಡ್ ಆಗಿದ್ದೇ ಮೋನೊದಲ್ಲಿ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಕಾಲದ ಮಾರಿಸ್‌ನಲ್ಲಿ ಬ್ಯಾಟರಿಯ ಪಾಸಿಟಿವ್ ಕಡೆ ಕಾರಿನ ಲೋಹದ ಮೈಗೆ ಸೇರಿರುತ್ತದೆ, ಅಂದರೆ ಅದೇ ಅರ್ತ್. ಈಗಿನ ಬ್ಲೂಟೂತ್ ಮಾಡ್ಯೂಲ್‌ಗೆ ಅರ್ತ್ ಅಂದರೆ ನೆಗೆಟಿವ್. ಎರಡನ್ನೂ ಹಾಗೇ ಸೇರಿಸಿದರೆ ನೇರ ಶಾರ್ಟ್, ಹೊಗೆ. ಮಾಡ್ಯೂಲ್‌ಗೆ ಕರೆಂಟ್ ಕೊಡಲು ಒಳಬದಿ ಹೊರಬದಿ ಬೇರ್ಪಟ್ಟಿರುವ ಕನ್ವರ್ಟರ್ ಹಾಕಿದೆವು. ಹಾಡಿನ ದಾರಿಯಲ್ಲಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಮಾವನ ಕ್ಯಾಸೆಟ್‌ನಲ್ಲಿ ಎರಡು ಹೆಡ್ ಮಾಡಿದ ಕೆಲಸವನ್ನೇ ಇಲ್ಲಿ ಇದು ಮಾಡುತ್ತದೆ: ತಂತಿ ಮುಟ್ಟಿಸದೆ ಹಾಡು ದಾಟಿಸುವುದು. ವಾಲ್ವ್ ರೇಡಿಯೊ ಒಳಗೆ 200 ವೋಲ್ಟ್ ಆಸುಪಾಸು ಇರುತ್ತದೆ, ಆದ್ದರಿಂದ ಬೆಸುಗೆ ಹಾಕಿದ್ದು ನಾನಲ್ಲ, ಐವತ್ತು ವರ್ಷದಿಂದ ರೇಡಿಯೊ ಬಿಚ್ಚುತ್ತಿರುವ ಒಬ್ಬ ಅಜ್ಜ. ಮಾಡ್ಯೂಲನ್ನು ರೇಡಿಯೊದ ಕಬ್ಬಿಣದ ಡಬ್ಬಿಯೊಳಗೆ ಇಟ್ಟರೆ ಬ್ಲೂಟೂತ್ ಅಲೆ ಒಳಗೆ ನುಸುಳುವುದಿಲ್ಲ. ಹಾಗಾಗಿ ಅದು ಡ್ಯಾಶ್‌ಬೋರ್ಡಿನ ಕೆಳಗೆ, ಕಣ್ಣಿಗೆ ಬೀಳದ ಹಾಗೆ ಕೂತಿದೆ.

ಈಗ ಕೀಲಿ ತಿರುಗಿಸಿದರೆ ಫೋನ್ ಎರಡು ಮೂರು ಸೆಕೆಂಡಿನಲ್ಲಿ ಜೋಡಿಯಾಗಿ ಹಾಡು ಶುರು ಮಾಡುತ್ತದೆ. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕು. ಗೆಳೆಯನ ಕಾರಿನಲ್ಲಿ ಮೊದಲ ಹಾಡು ಯಾವಾಗಲೂ ಪಲ್ಲವಿಯ ನಡುವಿನಿಂದಲೇ ಕೇಳಿಸುತ್ತದೆ.