ತಟ್ಟಿ ನೋಡಿದ ಮೇಲೆ ಕೆಡವೋಣ

ಹಳೆಯ ಶಾಲೆಯನ್ನು ಕೆಡವಬೇಕೇ, ಉಳಿಸಬೇಕೇ ಎಂದು ಕಟ್ಟಡ ಪರೀಕ್ಷಿಸುವ ನನ್ನನ್ನು ಕೇಳಲು ಬರುವವರು ಉತ್ತರವನ್ನೂ ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಯೊಂದರಲ್ಲೂ ಹಾಗೆಯೇ ಆಯಿತು. ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಪೋಷಕರಿಗೆ ಹೊಸ ಕಟ್ಟಡ ಬೇಕು, ಹಳೆಯ ವಿದ್ಯಾರ್ಥಿಗಳಿಗೆ ಅರಸರ ಕಾಲದ ಹೆಂಚಿನ ಶಾಲೆ ಉಳಿಯಬೇಕು. ಪೋಷಕರ ಭಯವನ್ನು ನಾನು ತಳ್ಳಿಹಾಕಲಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳೇ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಪಾರಂಪರಿಕ ಎಂಬ ಫಲಕ ಸೂರನ್ನು ಹೊರುವುದಿಲ್ಲ.

ಆದರೆ ಕಟ್ಟಡ ಒಂದೇ ವಸ್ತುವಲ್ಲ. ಸುತ್ತಿಗೆ ಹಿಡಿದು ಒಂದೊಂದೇ ತೊಲೆಯನ್ನು ತಟ್ಟಿದೆ. ಗಟ್ಟಿ ತೇಗ ಟಣ್ಣೆನ್ನುತ್ತದೆ, ಗೆದ್ದಲು ತಿಂದದ್ದು ಬೊದಬೊದನೆ ಸದ್ದು ಮಾಡುತ್ತದೆ. ದೊಡ್ಡ ಹಜಾರದ ತೊಲೆಗಳು ಚೆನ್ನಾಗಿದ್ದವು. ಹಿಂದಿನ ಎರಡು ಕೋಣೆಗಳದ್ದು ಒಳಗೆಲ್ಲ ಪೊಳ್ಳು. ನಿಜವಾದ ಅಪಾಯ ಕಂಡದ್ದು ಯಾರೂ ಬೆರಳು ತೋರಿಸದ ಕಡೆ: ಆಮೇಲೆ ಸೇರಿಸಿದ ಆರ್‌ಸಿಸಿ (ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್) ಕೊಠಡಿಯಲ್ಲಿ. ಸೋರುವ ತಾರಸಿಯ ಕಂಬಿಗೆ ತುಕ್ಕು ಹಿಡಿದರೆ ಅದು ಹಿಗ್ಗಿ ಕೆಳಗಿನ ಕಾಂಕ್ರೀಟನ್ನು ಸೀಳುತ್ತದೆ. ಅಂಗೈಯಗಲದ ಚಕ್ಕೆಗಳು ಬೆಂಚಿನ ಮೇಲೆಯೇ ಬಿದ್ದಿದ್ದವು.

ಹಜಾರದ ಗೋಡೆಯ ಬುಡ ಉದುರುತ್ತಿದ್ದುದಕ್ಕೆ ವಯಸ್ಸು ಕಾರಣವಲ್ಲ. ಸುತ್ತ ಗದ್ದೆ, ನೆಲದಲ್ಲಿ ಸದಾ ತೇವ. ಸುಣ್ಣದ ಗಾರೆಯ ಗೋಡೆ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಟ್ಟು ಬದುಕುತ್ತದೆ. ಯಾರೋ ಪುಣ್ಯಾತ್ಮರು ಅದಕ್ಕೆ ಸಿಮೆಂಟ್ ಬಳಿದು ಉಸಿರು ಕಟ್ಟಿಸಿದ್ದರು. ಸಿಮೆಂಟನ್ನು ಕೆತ್ತಿ ಮತ್ತೆ ಸುಣ್ಣದ ಗಾರೆ ಮೆತ್ತಿಸಿ ಎಂದೆ. ‘ಸುಣ್ಣ ಎಷ್ಟು ದಿನ ನಿಲ್ಲುತ್ತದೆ ಸಾರ್?’ ಎಂದರು ಪೋಷಕರೊಬ್ಬರು. ಕನ್ನಂಬಾಡಿ ಕಟ್ಟೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲೇ ನಿಂತು 124 ಅಡಿ ನೀರು ಹೊರುತ್ತಿದೆ ಎಂದೆ. ಆ ನೀರಿನಲ್ಲೇ ಬೆಳೆದ ಊರು, ಮತ್ತೆ ವಾದ ಬರಲಿಲ್ಲ.

ರಾಜಿ ಹುಟ್ಟಿದ್ದು ಅಲ್ಲಿಂದ. ಆರ್‌ಸಿಸಿ ಕೊಠಡಿಯನ್ನೂ ಹಿಂದಿನ ಎರಡು ಕೋಣೆಗಳನ್ನೂ ಕೆಡವಿ ಅದೇ ಜಾಗದಲ್ಲಿ ಹೊಸ ತರಗತಿ ಕಟ್ಟುವುದು. ಆಟದ ಮೈದಾನ ಮುಟ್ಟುವುದಿಲ್ಲ. ಹಜಾರ, ಜಗಲಿ ಉಳಿಯುತ್ತವೆ. ಹಿಂದಿನ ಕೋಣೆಗಳಲ್ಲಿ ಒಂದು ತಾವು ಅಕ್ಷರ ಕಲಿತ ಒಂದನೆಯ ತರಗತಿ ಎಂದು ಹಿರಿಯರೊಬ್ಬರು ಸಭೆಯಿಂದ ಎದ್ದು ಹೋದರು; ನಾನು ತೊಲೆಯ ಪರವಾಗಿ ಸುಳ್ಳು ಹೇಳಲಾರೆ. ಹಳೆಯ ವಿದ್ಯಾರ್ಥಿಗಳಿಗೆ ನಾನೊಂದು ಷರತ್ತು ಹಾಕಿದೆ. ಹಜಾರಕ್ಕೆ ಬೀಗ ಜಡಿಯಬಾರದು, ದಿನವೂ ಮಕ್ಕಳು ಅಲ್ಲಿ ಕೂರಬೇಕು. ಜನ ಓಡಾಡದ ಸೂರಿನಲ್ಲಿ ಒಡೆದ ಹೆಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಮಳೆಗಾಲದ ನೀರು ಸಾಕು, ತೊಲೆಯ ತುದಿ ಕೊಳೆಯಲು.

ಒಂದು ಮೂಲೆಯ ಬಿರುಕು ಮಾತ್ರ ತೀರ್ಮಾನವಾಗಿಲ್ಲ. ಅದರ ಮೇಲೆ ತೆಳು ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಗಾರೆಯಿಂದ ಕಚ್ಚಿಸಿದ್ದೇನೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಒಡೆದರೆ ಆ ಮೂಲೆಯನ್ನು ಬಿಚ್ಚಿ ಕಟ್ಟಬೇಕೆಂದು ಎರಡೂ ಕಡೆಯವರು ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿದ್ದಾರೆ. ಗಾಜನ್ನು ನೋಡುವವರು ಯಾರೆಂಬುದಕ್ಕೆ ಮತ್ತೊಂದು ಜಗಳ ನಡೆದು, ಎರಡು ಗುಂಪಿಗೂ ಸೇರದ ಬಿಸಿಯೂಟದ ಅಡುಗೆಯವರಿಗೆ ಆ ಕೆಲಸ ಹೋಯಿತು.