ಕೋಲಾರದ ತಲಾ ಆದಾಯ: ಇದು ಯಾರ ತಲೆ?

ಜಿಲ್ಲಾವಾರು ತಲಾ ಆದಾಯದ ಪಟ್ಟಿ ಪೇಪರಿನಲ್ಲಿ ಬಂದ ದಿನ ನಮ್ಮೂರ ಡೈರಿ ಮುಂದೆ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ‘ಇದು ಯಾರ ತಲೆ?’ ನಕ್ಕು ಸುಮ್ಮನಾಗಬಹುದು. ಆದರೆ ಕೋಲಾರದ ಆರ್ಥಿಕತೆಯ ಗೋಜಲೆಲ್ಲ ಆ ಪ್ರಶ್ನೆಯಲ್ಲೇ ಇದೆ. ಒಂದು ಸುದ್ದಿಯಲ್ಲಿ ನಮ್ಮದು ಐಫೋನ್ ಮಾಡುವ ಜಿಲ್ಲೆ. ಪಕ್ಕದ ಸುದ್ದಿಯಲ್ಲಿ ನದಿ ನೀರಿಗಾಗಿ ಬೀದಿಗಿಳಿದ ಬರದ ಜಿಲ್ಲೆ. ಎರಡೂ ಸುಳ್ಳಲ್ಲ.

ಮೊದಲು ಲೆಕ್ಕ ಹಾಕುವ ಬಗೆ ನೋಡೋಣ. ಜಿಲ್ಲೆಯ ಗಡಿಯೊಳಗೆ ವರ್ಷವಿಡೀ ತಯಾರಾದ ಸರಕು, ಸೇವೆಗಳ ಬೆಲೆ ಕಟ್ಟುತ್ತಾರೆ. ಬಳಸಿದ ಕಚ್ಚಾ ಮಾಲಿನ ಖರ್ಚು ಕಳೆಯುತ್ತಾರೆ. ಯಂತ್ರಗಳ ಸವಕಳಿಯನ್ನೂ ಕಳೆದು ಜನಸಂಖ್ಯೆಯಿಂದ ಭಾಗಿಸಿದರೆ ತಲಾ ಆದಾಯ ಸಿಗುತ್ತದೆ. ಇಲ್ಲಿ ನೋಡುವುದು ಮಾಲು ಎಲ್ಲಿ ತಯಾರಾಯಿತು ಅಂತ. ದುಡ್ಡು ಯಾರ ಮನೆಗೆ ಹೋಯಿತು ಅಂತ ಅಲ್ಲ. ಬೆಳಗ್ಗೆ ಮಾರಿಕುಪ್ಪಂನಿಂದ ರೈಲು ಕೆಜಿಎಫ್ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೋಗುತ್ತದೆ. ಅವರ ದುಡಿಮೆ ಬೆಂಗಳೂರಿನ ಲೆಕ್ಕಕ್ಕೆ. ಅದೇ ಹೊತ್ತಿಗೆ ಹೊಸಕೋಟೆ ಕಡೆಯಿಂದ ಕಂಪನಿ ಬಸ್ಸುಗಳು ನಮ್ಮ ಜಿಲ್ಲೆಯ ಕೈಗಾರಿಕಾ ಪ್ರದೇಶ ನರಸಾಪುರಕ್ಕೆ ಬರುತ್ತವೆ. ಅವರ ದುಡಿಮೆ ನಮ್ಮ ಲೆಕ್ಕಕ್ಕೆ. ಇಷ್ಟು ಸಾಲದು ಅಂತ, ವ್ಯಾಪಾರ, ಸಾರಿಗೆಯಂಥ ಎಷ್ಟೋ ಬಾಬ್ತುಗಳಲ್ಲಿ ಜಿಲ್ಲೆಯ ಅಂಕಿಯನ್ನು ನೇರವಾಗಿ ಎಣಿಸುವುದೂ ಇಲ್ಲ. ಕೆಲಸಗಾರರ ಸಂಖ್ಯೆಯಂಥದ್ದನ್ನು ನೋಡಿ ರಾಜ್ಯದ ಮೊತ್ತವನ್ನೇ ಜಿಲ್ಲೆಗಳಿಗೆ ಹಂಚುತ್ತಾರೆ.

ಈ ತೊಡಕು ನಮಗೆ ಹಳೆಯದು. 1880ರಿಂದ 2001ರ ಫೆಬ್ರವರಿ 28ರವರೆಗೆ ಕೆಜಿಎಫ್ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂತು. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದಿತ್ತು. ಲಾಭ ಬಹುಕಾಲ ಲಂಡನ್ನಿಗೆ ಹೋಯಿತು. 1956ರಲ್ಲಿ ಗಣಿ ಸರ್ಕಾರದ್ದಾಯಿತು, ಅಷ್ಟೊತ್ತಿಗೆ ಒಳ್ಳೆಯ ಅದಿರು ಮುಗಿಯುತ್ತಾ ಬಂದಿತ್ತು. ಮೊದಮೊದಲು ಟನ್ ಅದಿರಿಗೆ 40 ಗ್ರಾಂಗಿಂತ ಜಾಸ್ತಿ ಸಿಗುತ್ತಿದ್ದ ಚಿನ್ನ ಕೊನೆಗೆ 3 ಗ್ರಾಂ ಆಸುಪಾಸಿಗೆ ಇಳಿಯಿತು. ಈಗ ಉಳಿದಿರುವುದು ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ಸೈನೈಡ್ ದಿಬ್ಬಗಳು, ಮತ್ತೆ ಆ ಬೆಳಗಿನ ರೈಲು. ನೆಲದೊಳಗಿನ ಅದಿರು ಖಾಲಿಯಾದದ್ದನ್ನು ಯಾವ ವರ್ಷದ ಆದಾಯದಿಂದಲೂ ಯಾರೂ ಕಳೆಯಲಿಲ್ಲ. ಯಂತ್ರಕ್ಕೆ ಸವಕಳಿ ಇದೆ, ನೆಲಕ್ಕೆ ಇಲ್ಲ.

ಚಿನ್ನ ಒಂದು ತಾಲ್ಲೂಕಿನ ಕಥೆ. ನೀರು ಇಡೀ ಜಿಲ್ಲೆಯದು. ಪಾಲಾರ್, ಪಿನಾಕಿನಿಗಳು ಹೆಸರಿಗೆ ನದಿಗಳು, ವರ್ಷವಿಡೀ ಹರಿಯುವುದಿಲ್ಲ. ಆ ನದಿಗಳ ಮೇಲೆ ಮೈಸೂರು ಹೊಸ ಕೆರೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು ಅಂತ 1892ರ ಒಪ್ಪಂದ ಹೇಳಿತು. ಆದ್ದರಿಂದ ಹಳೆಯ ಕೆರೆಗಳೇ ಗತಿ. ಅವು ಹೂಳು ತುಂಬಿದವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೆ ನೀಲಗಿರಿ ಬಂತು. ಕೂಲಿ ಬೇಡ, ಕಾವಲು ಬೇಡ, ಐದಾರು ವರ್ಷಕ್ಕೊಮ್ಮೆ ಕಡಿದರೆ ದುಡ್ಡು. ಪಕ್ಕದ ತುಮಕೂರಿನಲ್ಲಿ 1983ರಲ್ಲೇ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ರಾಜ್ಯ ಸರ್ಕಾರ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

ನಡುವೆ ಬಂದದ್ದು ಬೋರ್. ನಾನು ಕಣ್ಣಾರೆ ಕಂಡ ಕಾಲ ಇದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಮ್ಮಪ್ಪ ಮೊದಲ ಬೋರ್ ಹಾಕಿಸಿದಾಗ 180 ಅಡಿಗೆ ನೀರು ಬಂತು. ಅದರ ಮೇಲೆ ಅರ್ಧ ಎಕರೆ ಹಿಪ್ಪುನೇರಳೆ, ಎರಡು ಸೀಮೆ ಹಸು. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದರೆ ಬಟವಾಡೆ ದಿನ ಕೈಗೆ ಕಾಸು. ಮಳೆ ಬರಲಿ ಬಿಡಲಿ, ಬಟವಾಡೆ ತಪ್ಪುತ್ತಿರಲಿಲ್ಲ. ಕೋಲಾರದ ರೈತ ಬರಗಾಲದಲ್ಲೂ ಊರು ಬಿಡದೆ ನಿಂತದ್ದು ಹಾಲಿನ ಮೇಲೆ, ರೇಷ್ಮೆ ಗೂಡಿನ ಮೇಲೆ. ಇದನ್ನು ಸಣ್ಣ ಸಾಧನೆ ಅನ್ನಬಾರದು.

ಆದರೆ ಆ ಹಾಲು ಬರುತ್ತಿದ್ದುದು ನೆಲದೊಳಗಿಂದ. ಎರಡನೇ ಬೋರ್ 420 ಅಡಿ. ನಾಲ್ಕನೆಯದು 1,150. ತೆಂಗಿನಕಾಯಿ ಅಂಗೈ ಮೇಲೆ ಮಲಗಿಸಿಕೊಂಡು ಹೊಲವೆಲ್ಲ ಓಡಾಡಿ ಪಾಯಿಂಟ್ ತೋರಿಸುವವರು ಬರುತ್ತಿದ್ದರು. ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುವುದು. ರಾತ್ರಿ ತಮಿಳುನಾಡಿನ ಬೋರ್ ಗಾಡಿ ಬಂದು ನಿಲ್ಲುವುದು. ಅಪ್ಪ ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಧೂಳಿನ ಬಣ್ಣ ನೋಡುತ್ತಾ ಕೂರುತ್ತಿದ್ದರು. ಧೂಳು ಬೆಳ್ಳಗೆ ಬರ್ತಾ ಇದ್ದರೆ ಬಂಡೆ. ‘ಇನ್ನೂರು ಅಡಿ ನೋಡೋಣ’ ಅಂತ ಅನ್ನುವುದು, ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಆ ನಾಲ್ಕನೆಯದರಲ್ಲಿ ಬರೀ ಧೂಳು. ಮಜಾ ಏನು ಗೊತ್ತಾ? ಕೊರೆದ ಖರ್ಚು ಉತ್ಪಾದನೆಯ ಲೆಕ್ಕಕ್ಕೇ ಸೇರುತ್ತದೆ. ಬೋರ್ ಫೇಲಾದರೂ ಅಂಕಿ ಪಾಸು.

ಕೋಲಾರ ಜಿಲ್ಲೆಯಲ್ಲಿ ಮಳೆಯಿಂದ ಇಂಗುವ ನೀರಿನ ಸುಮಾರು ದುಪ್ಪಟ್ಟು ಮೇಲೆತ್ತುತ್ತಿದ್ದಾರೆ ಅಂತ ಅಂತರ್ಜಲ ಇಲಾಖೆಗಳ ಅಂದಾಜುಗಳು ಹೇಳುತ್ತಾ ಬಂದಿವೆ. ಆಳಕ್ಕೆ ಹೋದಂತೆ ಫ್ಲೋರೈಡ್. ಪಂಪಿಗೆ ಉಚಿತ ಕರೆಂಟು, ಹಾಲಿಗೆ ಲೀಟರಿಗೆ ಪ್ರೋತ್ಸಾಹಧನ, ಹನಿ ನೀರಾವರಿಗೆ ಸಬ್ಸಿಡಿ. ಒಂದೊಂದೂ ರೈತರೇ ಕೇಳಿ ಪಡೆದದ್ದು, ಒಂದೊಂದೂ ಬೇಕಾದದ್ದೇ. ಎಲ್ಲ ಸೇರಿ ನೀರನ್ನು ಇನ್ನೂ ಕೆಳಗೆ ತಳ್ಳಿದವು.

ರೇಷ್ಮೆಯದು ಬೇರೆ ಪೆಟ್ಟು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ 30ರಿಂದ 5 ಶೇಕಡಾಕ್ಕೆ ಇಳಿಯಿತು. ಗೂಡಿನ ರೇಟು ಬಿತ್ತು. ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕಿದರು.

ಟೊಮೆಟೊ ಬಂದಿದ್ದರಿಂದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಂಕಿಗಳಲ್ಲಿ ‘ಚಾಲ್ತಿ ಬೆಲೆ’, ‘ಸ್ಥಿರ ಬೆಲೆ’ ಅಂತ ಎರಡು ಇರುತ್ತವಲ್ಲ, ಅದಕ್ಕೆ ಕೋಲಾರದ ಮಂಡಿಗಿಂತ ಒಳ್ಳೆ ಪಾಠಶಾಲೆ ಇಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಬೇರೆ ಕಾಲದಲ್ಲಿ ಅದೇ ಬಾಕ್ಸಿಗೆ ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಚಾಲ್ತಿ ಬೆಲೆಯಲ್ಲಿ ಮೊದಲನೆಯದು ಭಾರೀ ಬೆಳವಣಿಗೆ. ಸ್ಥಿರ ಬೆಲೆಯಲ್ಲಿ ಎರಡೂ ಒಂದೇ ಬಾಕ್ಸ್, ಯಾಕಂದ್ರೆ ಅಲ್ಲಿ ‘ಮೂಲ ವರ್ಷ’ ಅಂತ ಹಿಡಿದ ಒಂದು ವರ್ಷದ ರೇಟಿನಲ್ಲಿ ಬೆಲೆ ಕಟ್ಟುತ್ತಾರೆ, ಹಳೆಯ ಸರಣಿಯಲ್ಲಿ ಅದು 2011-12. ರಾಜಕೀಯ ಭಾಷಣಗಳಲ್ಲಿ ಯಾವ ಅಂಕಿ ಬಳಸುತ್ತಾರೆ ಅಂತ ಗಮನಿಸಿ. ಸಾಮಾನ್ಯವಾಗಿ ದೊಡ್ಡದು ಯಾವುದೋ ಅದು.

ಹಳೆಯ ಕೋಲಾರದ ಜೊತೆ ಇಂದಿನದನ್ನು ಹೋಲಿಸುವುದೂ ಸುಲಭವಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಚಿಂತಾಮಣಿಯ ವ್ಯಾಪಾರ ಆ ಕಡೆಯ ಪುಸ್ತಕಕ್ಕೆ ಹೋದವು. ಹಾಲು ಒಕ್ಕೂಟ ಮಾತ್ರ ಬಹಳ ವರ್ಷ ಜಂಟಿಯಾಗೇ ಉಳಿಯಿತು. ಹಸುವಿಗೆ ಗಡಿ ಗೊತ್ತಿಲ್ಲ ನೋಡಿ.

ಆಮೇಲೆ ನರಸಾಪುರ. 2013ರಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಶುರುವಾಯಿತು. 2020ರ ಹೊತ್ತಿಗೆ ತೈವಾನಿನ ವಿಸ್ಟ್ರಾನ್ ಕಂಪನಿ ಐಫೋನ್ ಜೋಡಿಸತೊಡಗಿತು. ಅದೇ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿ ದೇಶವೆಲ್ಲ ಸುದ್ದಿಯಾಯಿತು. 2023ರಲ್ಲಿ ಟಾಟಾ ಅದನ್ನು ಕೊಂಡಿತು. ಇಂಥ ಒಂದೆರಡು ಕಾರ್ಖಾನೆ ಸಾಕು, 15 ಲಕ್ಷ ಚಿಲ್ಲರೆ ಜನಸಂಖ್ಯೆಯ ಜಿಲ್ಲೆಯ ಸರಾಸರಿ ಮೇಲೇಳುತ್ತದೆ. ಮುಳಬಾಗಿಲಿನ ಗಡಿ ಹಳ್ಳಿಯಲ್ಲಿ ಕುರಿ ಮೇಯಿಸುವವರ ‘ತಲಾ ಆದಾಯ’ವೂ ಅವತ್ತೇ ಏರುತ್ತದೆ. ಅವರಿಗೆ ಹೇಳುವವರು ಯಾರೂ ಇಲ್ಲ, ಅಷ್ಟೇ.

ನೀರಿನ ಹೋರಾಟ ಇದರ ಜೊತೆಜೊತೆಗೇ ನಡೆಯಿತು. ಪಶ್ಚಿಮಘಟ್ಟದ ಹೊಳೆ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಬಿತ್ತು. 2016ರಲ್ಲಿ ಶಾಶ್ವತ ನೀರಾವರಿ ಕೇಳಿ ರೈತರು ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೊರಟರು. ಮೊದಲು ಬಂದದ್ದು ಹೊಳೆಯಲ್ಲ, ಬೆಂಗಳೂರಿನ ಚರಂಡಿ ನೀರು. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಎರಡು ಹಂತ ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿದ್ದಾಗ ಜನ ಪೂಜೆ ಮಾಡಿದರು. ಮುಂದಿನ ತಿಂಗಳೇ ನೊರೆ ಬಂತು. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ, ತಡೆಯಾಗಿ, ತೆರವಾಗಿ, ನೀರು ಹರಿಯುತ್ತಲೇ ಇದೆ. ಕೆರೆ ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಮೂರನೇ ಹಂತದ ಮಾತು ಇನ್ನೂ ಮುಗಿದಿಲ್ಲ.

ಈಗ ದೇಶದ ಲೆಕ್ಕದ ಮೂಲ ವರ್ಷ 2011-12ರಿಂದ 2022-23ಕ್ಕೆ ಬದಲಾಗುತ್ತಿದೆ. ರಾಜ್ಯ, ಜಿಲ್ಲೆಗಳ ಅಂಕಿಗಳೂ ಅದರ ಹಿಂದೆಯೇ ಬದಲಾಗಬೇಕು. ಟೊಮೆಟೊ ಚಿನ್ನವಾದ ಆ ಜುಲೈ ಮೂರೇ ತಿಂಗಳಲ್ಲಿ ತಪ್ಪಿಹೋಯಿತು ಪಾಪ. ಸರಣಿ ಬದಲಾದಾಗ ಪಟ್ಟಿಯಲ್ಲಿ ನಮ್ಮ ಸ್ಥಾನ ಮೇಲೆ ಕೆಳಗೆ ಆಗಬಹುದು. ಜಿಲ್ಲೆ ಒಂದೇ ರಾತ್ರಿಯಲ್ಲಿ ಉದ್ಧಾರವಾಯಿತು ಅಂತಲೋ ಮುಳುಗಿತು ಅಂತಲೋ ಓದಬೇಕಿಲ್ಲ.

ನಮ್ಮ ಮೂರನೇ ಬೋರ್ ಸತ್ತೇ ಹೋಯಿತು ಅಂದುಕೊಂಡಿದ್ದೆವು. ಎರಡು ವರ್ಷದಿಂದ ಮತ್ತೆ ನೀರು ಕೊಡ್ತಿದೆ. ಅಪ್ಪ ನೇಪಿಯರ್ ಹುಲ್ಲಿಗೆ ಬಿಟ್ಟುಕೊಳ್ಳುತ್ತಾರೆ, ಹಸುವಿಗೂ ಕುಡಿಸುತ್ತಾರೆ. ಅಮ್ಮ ಮಾತ್ರ ಅದನ್ನು ಒಳಗೆ ತರಲು ಬಿಡುವುದಿಲ್ಲ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಇಟ್ಟು, ಐದು ರೂಪಾಯಿ ಕಾಯಿನ್ ಹಾಕಿ, 20 ಲೀಟರ್ ತುಂಬಿಸಿಕೊಂಡು ಬರುತ್ತಾರೆ.